ಪೋಮೋ ಜನರ ಮೀನುಬುಟ್ಟಿ

ಪೋಮೋ ಜನರ ಬುಟ್ಟಿ ಅಂದರೆ ಮ್ಯೂಸಿಯಂಗಳು ಮೊದಲು ತೋರಿಸುವುದು ಮರಕುಟಿಗದ ಕೆಂಪು ಗರಿ ಸೇರಿಸಿ ಹೆಣೆದ ಚೆಂದದ ಪುಟ್ಟ ಬುಟ್ಟಿಗಳನ್ನು. ಅವು ಹೆಂಗಸರ ಕೈಕೆಲಸ. ಗಂಡಸರು ಹೆಣೆಯುತ್ತಿದ್ದ ಒರಟು ಮೀನುಬುಟ್ಟಿಗೆ ಅಷ್ಟು ಹೆಸರಿಲ್ಲ. ನನಗಂತೂ ಅದರಲ್ಲೇ ಜಾಸ್ತಿ ಜಾಣ್ಮೆ ಕಾಣುತ್ತದೆ.

ಪೋಮೋ ಜನ ಉತ್ತರ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು. ಹೆಸರು ಒಂದಾದರೂ ಇವರ ಭಾಷೆಗಳು ಏಳು. ಕೆಲವರ ನೆಲೆ ಕ್ಲಿಯರ್ ಲೇಕ್ ಎಂಬ ದೊಡ್ಡ ಸರೋವರದ ದಡ. ಅಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದ ಒಂದು ತಳಿಯ ಹಿಚ್ ಮೀನು ಈ ನೀರಿನಲ್ಲಿದೆ. ಪೋಮೋ ಬಾಯಲ್ಲಿ ಅದು ‘ಚೀ’. ಮಳೆಗೆ ಹಳ್ಳಗಳು ತುಂಬಿದಾಗ, ಸುಮಾರು ಫೆಬ್ರವರಿಯಿಂದ ಮೇವರೆಗೆ, ಮೊಟ್ಟೆಯಿಡಲು ಹಿಂಡುಹಿಂಡಾಗಿ ಹಳ್ಳ ಹತ್ತುತ್ತದೆ. ಬೇಸಿಗೆಗೆ ಹಲವು ಹಳ್ಳಗಳು ಒಣಗುತ್ತವೆ. ಮೀನಿಗೂ ಅವಸರ, ಹಿಡಿಯುವವರಿಗೂ ಅವಸರ.

ಹಳ್ಳಕ್ಕೆ ಅಡ್ಡಲಾಗಿ ಕಡ್ಡಿಯ ತಡಿಕೆ ಕಟ್ಟಿ, ನಡುವೆ ಬಿಟ್ಟ ಕಂಡಿಗೆ ಬುಟ್ಟಿ ಒಡ್ಡುತ್ತಿದ್ದರು. ಹತ್ತುವ ಮೀನು ಹರಿವಿಗೆ ಎದುರಾಗಿಯೇ ಈಜುತ್ತದೆ. ತಡಿಕೆ ಸಿಕ್ಕಿದರೆ ಅದರ ಗುಂಟ ಹೋಗಿ ಸಂದು ಹುಡುಕುತ್ತದೆ. ಸಿಗುವುದು ಬುಟ್ಟಿಯ ಬಾಯಿ. ಬಾಯೊಳಗೆ ಆಲಿಕೆಯಂಥ ಇನ್ನೊಂದು ಹೆಣಿಗೆ: ಹೊರಗೆ ಅಗಲ, ಒಳಗೆ ಕಿರಿದು. ಒಳಹೋಗುವಾಗ ಆಲಿಕೆಯ ಗೋಡೆಯೇ ದಾರಿ ತೋರಿಸುತ್ತದೆ. ಒಳಗೆ ಬಿದ್ದ ಮೇಲೂ ಮೀನು ಗೋಡೆಗುಂಟವೇ ಸುತ್ತುತ್ತದೆ. ಆದರೆ ಈಗ ತೂತಿರುವುದು ನಟ್ಟನಡುವೆ, ಸುತ್ತ ಕಡ್ಡಿಗಳ ಮೊನೆ. ಬಾಗಿಲು ತೆರೆದೇ ಇರುತ್ತದೆ, ಮೀನಿಗೆ ಸಿಗುವುದಿಲ್ಲ ಅಷ್ಟೇ. ಮಲೆನಾಡಿನಲ್ಲಿ ಹತ್ತುಮೀನಿಗೆ ಕೂಣಿ ಎಂಬ ಮೀನುಬುಟ್ಟಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಬಂಧವೇ ಇಲ್ಲದ ಜನ, ಆದರೂ ಉಪಾಯ ಒಂದೇ. ಎರಡೂ ಕಡೆ ಪಾಠ ಹೇಳಿದ್ದು ಮೀನೇ ಅಲ್ವಾ?

ಹೆಣಿಗೆಯನ್ನು ಹತ್ತಿರದಿಂದ ನೋಡಿ. ಕಡ್ಡಿ ವಿಲ್ಲೋದ್ದು; ಕ್ರಿಕೆಟ್ ಬ್ಯಾಟ್ ಮಾಡುವ ಮರದ ಬಳಗದ್ದೇ. ಪೊದೆಯನ್ನು ಸವರಿಬಿಟ್ಟರೆ ಬುಡದಿಂದ ಕವಲಿಲ್ಲದ ನೇರ ಚಿಗುರು ಏಳುತ್ತದೆ, ಬುಟ್ಟಿಗೆ ಬೇಕಾದದ್ದು ಅದೇ. ಉದ್ದ ಕಡ್ಡಿಗಳನ್ನು ಬಿಡಿಬಿಡಿಯಾಗಿ ಇಟ್ಟು, ಅಡ್ಡಕ್ಕೆ ಎರಡು ಎಳೆ ಒಟ್ಟಿಗೆ ಹಾಯಿಸುತ್ತಾರೆ. ಒಂದು ಕಡ್ಡಿಯ ಮುಂದೆ, ಒಂದು ಹಿಂದೆ. ಮುಂದಿನ ಕಡ್ಡಿಗೆ ಹೋಗುವ ಮೊದಲು ಎರಡೂ ಅರ್ಧ ಸುತ್ತು ಹೊಸೆದುಕೊಳ್ಳುತ್ತವೆ. ಕಡ್ಡಿ ಜಾರದಂತೆ ಹಿಡಿಯುವುದು ಈ ಹೊಸೆತ. ಸುಮ್ನೆ ಮೇಲೆ ಕೆಳಗೆ ಹೆಣೆದಿದ್ದರೆ ನೀರಿನ ರಭಸಕ್ಕೆ ಕಡ್ಡಿಗಳು ಸರಿದು, ಸಂದುಗಳು ಏರುಪೇರಾಗುತ್ತಿದ್ದವು. ಸಂದು ಉಳಿದರೆ ನೀರು ಸಲೀಸಾಗಿ ದಾಟುತ್ತದೆ, ಬುಟ್ಟಿ ಕೊಚ್ಚಿಹೋಗುವುದಿಲ್ಲ. ಮರಿಮೀನೂ ಪಾರಾಗುತ್ತದೆ.

ಇನ್ನೊಂದು ಬಗೆಯ ಬುಟ್ಟಿಗೆ ತಳವೇ ಇಲ್ಲ. ಆಳವಿಲ್ಲದ ನೀರಿನಲ್ಲಿ ನಡೆಯುತ್ತಾ ಮೀನಿನ ಮೇಲೆ ದಬಕ್ಕನೆ ಕವುಚಿ, ಮೇಲಿನ ಕಿರಿದಾದ ಬಾಯಿಂದ ಕೈಹಾಕಿ ತೆಗೆಯುವುದು.

ಹಿಡಿದ ಮೀನನ್ನು ಒಣಗಿಸಿ ಇಟ್ಟುಕೊಳ್ಳುತ್ತಿದ್ದರು. ಈಗ ಹಿಡಿಯಲು ಮೀನೇ ಕಡಿಮೆ. 2014ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕ್ಲಿಯರ್ ಲೇಕ್ ಹಿಚ್ಚನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಇದರ ಕಾರಣಗಳಲ್ಲಿ ಹಳ್ಳದ ನೀರನ್ನು ಬೇರೆಡೆ ಎಳೆದದ್ದು, ಹೊರಗಿನಿಂದ ತಂದುಬಿಟ್ಟ ಬಾಸ್ ಮೀನು, ಎಲ್ಲ ಸೇರಿದೆ. ಸಾಲ್ಮನ್‌ನಂತೆ ಹಿಚ್ ಜಿಗಿಯಲಾರದು. ರಸ್ತೆಯಡಿಯ ಮೋರಿಯಲ್ಲಿ ಕಾಂಕ್ರೀಟಿನ ಒಂದು ಮೆಟ್ಟಿಲಿದ್ದರೂ ಅದರ ಪ್ರಯಾಣ ಅಲ್ಲಿಗೇ ನಿಂತಿತು. ಪೋಮೋ ಪಂಗಡಗಳು ಈಗ ಹಳ್ಳಗಳಲ್ಲಿ ಈ ಮೀನಿನ ಲೆಕ್ಕ ಇಡುತ್ತಿವೆ. ಒಣಗುವ ಗುಂಡಿಯಲ್ಲಿ ಸಿಕ್ಕಿಬಿದ್ದವನ್ನು ಹಿಡಿದು ಬೇರೆ ನೀರಿಗೆ ಬಿಡುತ್ತಿವೆ.