ಕಾಸಿಗಾಗಿ ಸುದ್ದಿ ಅಂದರೆ ಏನು?

ಚುನಾವಣೆ ಹತ್ತಿರ ಬಂತು ಅಂದರೆ ಕೆಲವು ಸುದ್ದಿಗಳ ಧಾಟಿಯೇ ಬದಲಾಗುತ್ತದೆ. ‘ಅಭಿವೃದ್ಧಿಯ ಹರಿಕಾರ’, ‘ಹೋದಲ್ಲೆಲ್ಲ ಅಭೂತಪೂರ್ವ ಜನಬೆಂಬಲ’, ‘ಗೆಲುವು ಖಚಿತ’. ಎದುರಾಳಿಯ ಮಾತೇ ಇರುವುದಿಲ್ಲ. ಬರೆದವರ ಹೆಸರೂ ಇರುವುದಿಲ್ಲ. ಟಿವಿಯಲ್ಲಾದರೆ ಅಭ್ಯರ್ಥಿಯ ರೋಡ್ ಶೋ ಅರ್ಧ ಗಂಟೆ ನೇರ ಪ್ರಸಾರ, ಆಮೇಲೆ ಒಂದೂ ಕಷ್ಟದ ಪ್ರಶ್ನೆಯಿಲ್ಲದ ಸಂದರ್ಶನ. ಹೀಗೆ ದುಡ್ಡು ಕೊಟ್ಟು ಹಾಕಿಸಿದ್ದು, ಆದರೆ ಸುದ್ದಿಯ ವೇಷದಲ್ಲಿ ಬಂದದ್ದು ‘ಕಾಸಿಗಾಗಿ ಸುದ್ದಿ’. ಪೇಯ್ಡ್ ನ್ಯೂಸ್ ಅಂತಲೂ ಕರೆಯುತ್ತಾರೆ.

ಪತ್ರಿಕೆಗಳ ನಡತೆಯ ಮೇಲೆ ಕಣ್ಣಿಡುವ ಸಂಸ್ಥೆಯಾದ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ಇದಕ್ಕೊಂದು ವ್ಯಾಖ್ಯಾನ ಕೊಟ್ಟಿತು. ನಗದಾಗಲಿ, ಬೇರೆ ರೂಪದಲ್ಲಾಗಲಿ ಪ್ರತಿಫಲ ಪಡೆದು ಪ್ರಕಟಿಸಿದ ಯಾವುದೇ ಸುದ್ದಿ ಅಥವಾ ವಿಶ್ಲೇಷಣೆ ಇದರಲ್ಲಿ ಸೇರುತ್ತದೆ. ಅಂದರೆ ಕವರ್‌ನಲ್ಲಿ ಹಣ ಕೊಡಲೇಬೇಕು ಅಂತಿಲ್ಲ. ಉಡುಗೊರೆ ಕೊಟ್ಟರೂ ಅಷ್ಟೇ.

ರಾಜಕೀಯ ಪಕ್ಷ ಜಾಹೀರಾತು ಕೊಡುವುದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಜಾಹೀರಾತು ಅಂತ ಗೊತ್ತಿದ್ದರೆ ನಾವು ಎಷ್ಟು ನಂಬಬೇಕೋ ಅಷ್ಟೇ ನಂಬುತ್ತೇವೆ ಅಲ್ವಾ? ಇಲ್ಲಿ ಆ ಅವಕಾಶವನ್ನೇ ಕಸಿದುಕೊಳ್ಳುತ್ತಾರೆ. ಪತ್ರಿಕೆ ವರ್ಷಗಟ್ಟಲೆ ಗಳಿಸಿದ ನಂಬಿಕೆಯನ್ನು ಅಭ್ಯರ್ಥಿ ಕೊಂಡುಕೊಳ್ಳುತ್ತಾನೆ. ಮೋಸ ಹೋಗುವವನು ಕಾಸು ಕೊಟ್ಟು ಪೇಪರ್ ತರಿಸುವ ಓದುಗ.

ಅಭ್ಯರ್ಥಿಗೆ ಇನ್ನೊಂದು ಲಾಭವೂ ಇದೆ. ಕರ್ನಾಟಕದಂಥ ದೊಡ್ಡ ರಾಜ್ಯದಲ್ಲಿ ವಿಧಾನಸಭೆಗೆ ನಿಲ್ಲುವವರು 40 ಲಕ್ಷ, ಲೋಕಸಭೆಗೆ ನಿಲ್ಲುವವರು 95 ಲಕ್ಷ ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ಜಾಹೀರಾತು ಕೊಟ್ಟರೆ ಬಿಲ್ ಬರುತ್ತದೆ, ಲೆಕ್ಕಕ್ಕೆ ಸೇರುತ್ತದೆ. ‘ಸುದ್ದಿ’ಗೆ ಬಿಲ್ ಎಲ್ಲಿಂದ ಬರಬೇಕು? ಕೊಟ್ಟವರೂ ತೋರಿಸುವುದಿಲ್ಲ, ತೆಗೆದುಕೊಂಡವರೂ ತೋರಿಸುವುದಿಲ್ಲ. ತೆರಿಗೆಗೂ ಖೋತಾ.

ಇದು ಸಿಕ್ಕಿಬಿದ್ದ ಒಂದು ಪ್ರಕರಣ ನೋಡಿ. 2007ರಲ್ಲಿ ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದಿಂದ ಉಮ್ಲೇಶ್ ಯಾದವ್ ಶಾಸಕಿಯಾಗಿ ಗೆದ್ದರು. ಚುನಾವಣೆ ವೇಳೆ ಅವರ ಪರವಾಗಿ ಪತ್ರಿಕೆಯಲ್ಲಿ ಬಂದ ಬರಹ ಸುದ್ದಿಯಲ್ಲ, ದುಡ್ಡು ಕೊಟ್ಟು ಹಾಕಿಸಿದ್ದು ಅಂತ ಸೋತ ಅಭ್ಯರ್ಥಿ ಪತ್ರಿಕಾ ಮಂಡಳಿಗೆ ದೂರು ಕೊಟ್ಟರು. ವಿಷಯ ಚುನಾವಣಾ ಆಯೋಗದವರೆಗೂ ಹೋಯಿತು. ಆ ಖರ್ಚು ಲೆಕ್ಕದಲ್ಲಿ ಇರಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಆಯೋಗ ಅವರನ್ನು ಮೂರು ವರ್ಷಗಳ ಮಟ್ಟಿಗೆ ಅನರ್ಹಗೊಳಿಸಿತು. ಒಂದು ಮಾತು ಗಮನಿಸಬೇಕು: ಶಿಕ್ಷೆಯಾದದ್ದು ಖರ್ಚು ಮುಚ್ಚಿಟ್ಟದ್ದಕ್ಕೆ. ಓದುಗರಿಗೆ ಸುಳ್ಳು ವೇಷ ತೋರಿಸಿದ್ದಕ್ಕಲ್ಲ.

ಮಾಧ್ಯಮಗಳ ಕಡೆಯ ಕಥೆ ಇನ್ನೂ ಬೇಸರದ್ದು. 2009ರ ಲೋಕಸಭಾ ಚುನಾವಣೆಯ ನಂತರ ಕಾಸಿಗಾಗಿ ಸುದ್ದಿಯ ಬಗ್ಗೆ ವಿಚಾರಣೆ ಮಾಡಲು ಪತ್ರಿಕಾ ಮಂಡಳಿ ಪತ್ರಕರ್ತರಾದ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರ ಉಪಸಮಿತಿ ಮಾಡಿತು. ಅವರು ಪತ್ರಿಕೆಗಳ ಹೆಸರು ಹಿಡಿದೇ ವರದಿ ಬರೆದರು. ಮಂಡಳಿ 2010ರಲ್ಲಿ ಹೊರಬಿಟ್ಟದ್ದು ಮಾತ್ರ ಹೆಸರುಗಳಿಲ್ಲದ ಚಿಕ್ಕ ವರದಿ. ಕೇಂದ್ರ ಮಾಹಿತಿ ಆಯೋಗ ಆದೇಶ ಕೊಟ್ಟ ಮೇಲೆ, 2011ರಲ್ಲಿ, ಪೂರ್ತಿ ವರದಿ ಜನರ ಕೈಗೆ ಬಂತು. ಊರವರ ತಪ್ಪನ್ನೆಲ್ಲ ಬಯಲಿಗೆಳೆಯುವವರು ತಮ್ಮ ಮನೆಯ ತಪ್ಪನ್ನು ಹೀಗೆ ಮುಚ್ಚಿಟ್ಟರೆ ಹೇಗೆ? ಹಾಗಂತ ಎಲ್ಲ ವರದಿಗಾರರನ್ನೂ ಬೈಯುವುದು ಅನ್ಯಾಯ. ತಾಲ್ಲೂಕು ಮಟ್ಟದಲ್ಲಿ ಎಷ್ಟೋ ಜನಕ್ಕೆ ಸರಿಯಾದ ಸಂಬಳವಿಲ್ಲ. ಸುದ್ದಿ ತರುವವರೇ ಜಾಹೀರಾತನ್ನೂ ತರಬೇಕು, ಅದರ ಕಮಿಷನ್‌ನಲ್ಲೇ ಬದುಕಬೇಕು. ಆ ವ್ಯವಸ್ಥೆ ಮಾಡಿದವರು ಮೇಲೆ ಕೂತಿದ್ದಾರೆ.

ಈಗ ಚುನಾವಣೆ ವೇಳೆ ಪ್ರತಿ ಜಿಲ್ಲೆಯಲ್ಲೂ ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿ ಇರುತ್ತದೆ. ಪೇಪರ್, ಟಿವಿ ಎರಡನ್ನೂ ನೋಡುತ್ತದೆ. ಅನುಮಾನ ಬಂದರೆ ಅಭ್ಯರ್ಥಿಗೆ ನೋಟಿಸ್ ಹೋಗುತ್ತದೆ, 48 ಗಂಟೆಯಲ್ಲಿ ಉತ್ತರ ಕೊಡಬೇಕು. ಕಾಸಿಗಾಗಿ ಸುದ್ದಿ ಅಂತ ತೀರ್ಮಾನವಾದರೆ ಅಷ್ಟು ಜಾಗಕ್ಕೆ ಜಾಹೀರಾತಿನ ದರ ಹಾಕಿ ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ. ಸುಮ್ನೆ ಲೆಕ್ಕಕ್ಕೆ ಸೇರಿಸಿದರೆ ಸಾಲದು, ಇದನ್ನೇ ಚುನಾವಣಾ ಅಪರಾಧ ಮಾಡಬೇಕು ಅಂತ ಕಾನೂನು ಆಯೋಗ 2015ರಲ್ಲೇ ಶಿಫಾರಸು ಮಾಡಿದೆ. ಅದು ಬೇಗ ಜಾರಿಗೆ ಬರಬೇಕು.

ಅಲ್ಲಿಯವರೆಗೆ, ಎರಡು ಪತ್ರಿಕೆಗಳಲ್ಲಿ ಅದೇ ಹೊಗಳಿಕೆ ಅಕ್ಷರ ತಪ್ಪದೆ ಬಂದದ್ದು ಕಂಡರೆ ಆ ಎರಡೂ ಪುಟಗಳನ್ನು ತಾರೀಖಿನ ಸಮೇತ ಎತ್ತಿಟ್ಟುಕೊಳ್ಳಿ. ಜಿಲ್ಲಾ ಚುನಾವಣಾಧಿಕಾರಿಗೆ ದೂರು ಕೊಡಲು ಅದು ಒಳ್ಳೆಯ ಪುರಾವೆ.