ಖಾಲಿ ಜಾಗಕ್ಕೂ ಅರ್ಥ ಇದೆ

ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸಿಸ್ಟಮ್‌ನ ಫೈಲ್ ಕೈಗೆ ಬಂದ ಕೂಡಲೇ ಬಹಳ ಜನ ಪ್ರತಿ ಸಾಲನ್ನೂ ಟ್ರಿಮ್ ಮಾಡಿಬಿಡುತ್ತಾರೆ, ಅಂದರೆ ಅಂಚಿನ ಸ್ಪೇಸ್ ತೆಗೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಫೈಲ್‌ಗಳಲ್ಲಿ ಕಾಮಾ ಇಲ್ಲ, ಟ್ಯಾಬ್ ಇಲ್ಲ. ಉದಾಹರಣೆಗೆ, ಬೈಟ್ 1ರಿಂದ 8ರವರೆಗೆ ಖಾತೆ ಸಂಖ್ಯೆ, 9ರಿಂದ 38ರವರೆಗೆ ಹೆಸರು, ಆಮೇಲೆ ಮೊತ್ತ. ಎಲ್ಲಿ ಕೂತಿದೆ ಅನ್ನುವುದೇ ಅದರ ಗುರುತು. ಶುರುವಿನಲ್ಲಿ ಒಂದು ಸ್ಪೇಸ್ ಹೋದರೂ ಉಳಿದದ್ದೆಲ್ಲ ಒಂದು ಜಾಗ ಹಿಂದೆ ಸರಿಯುತ್ತದೆ. ಮೊದಲು ಬೈಟ್ ಲೆಕ್ಕದಲ್ಲಿ ಕತ್ತರಿಸಿ, ಆಮೇಲೆ ಬೇಕಾದ ಫೀಲ್ಡ್ ಮಾತ್ರ ಟ್ರಿಮ್ ಮಾಡಿ.

ನಾನು ಮೊದಲು ಕೇಳುವುದು ಕಾಪಿಬುಕ್, ಅಂದರೆ ಯಾವ ಫೀಲ್ಡ್ ಎಲ್ಲಿದೆ, ಎಷ್ಟು ಉದ್ದ ಎಂದು ಹೇಳುವ ಕೋಬಾಲ್ ವಿವರಣೆ. ಅದಿಲ್ಲದೆ ಫೈಲ್ ನೋಡಿ ಊಹಿಸುತ್ತಾ ಹೋದರೆ ವಾರಗಳೇ ಕಳೆಯುತ್ತವೆ. ಕಾಪಿಬುಕ್ ಸಿಕ್ಕಿದ ಮೇಲೆ ಫೈಲ್‌ನ ಒಟ್ಟು ಅಳತೆಯನ್ನು ರೆಕಾರ್ಡ್ ಉದ್ದದಿಂದ ಭಾಗಿಸಿ ನೋಡಿ. ಶೇಷ ಉಳಿದರೆ ಅಲ್ಲಿಗೇ ನಿಲ್ಲಿಸಿ, ಕಾರಣ ಹುಡುಕಿ.

ಜಾಸ್ತಿ ಪೆಟ್ಟು ಬೀಳುವುದು ಅಂಕಿಗಳಲ್ಲಿ. ದಶಾಂಶ ಬಿಂದು ಸಾಮಾನ್ಯವಾಗಿ ಫೈಲ್‌ನಲ್ಲಿ ಇರುವುದೇ ಇಲ್ಲ, ಅದು ಕಾಪಿಬುಕ್‌ನಲ್ಲಿ ವಿ ಅಕ್ಷರವಾಗಿ ಮಾತ್ರ ಇರುತ್ತದೆ. ಮೈನಸ್ ಚಿಹ್ನೆ ಕೊನೆಯ ಅಂಕಿಯೊಳಗೇ ಸೇರಿಕೊಂಡಿರಬಹುದು. ‘0012ಎನ್’ ಎಂದು ಕಂಡರೆ ಅದು ಕೆಟ್ಟ ಡೇಟಾ ಅಲ್ಲ. ಎನ್ ಅಂದರೆ ಮೈನಸ್ 5, ಅಂದರೆ ಮೊತ್ತ ಮೈನಸ್ 125. ದಶಾಂಶಕ್ಕೆ ಎರಡು ಸ್ಥಾನ ಇಟ್ಟಿದ್ದರೆ ಮೈನಸ್ 1.25.

ಪ್ಯಾಕ್ಡ್ ಡೆಸಿಮಲ್ ಎಂಬ, ಅಂಕಿಗಳನ್ನು ಒತ್ತಿ ಇಡುವ ವಿಧಾನ ಇನ್ನೂ ನಾಜೂಕು. ಒಂದು ಬೈಟ್‌ಗೆ ಎರಡು ಅಂಕಿ, ಕೊನೆಯ ಅರ್ಧ ಬೈಟ್‌ನಲ್ಲಿ ಚಿಹ್ನೆ. 12345 ಬರೀ 3 ಬೈಟ್‌ನಲ್ಲಿ ಕೂರುತ್ತದೆ. ಇಂಥ ಫೈಲ್ ಅನ್ನು ಪಠ್ಯ ಅಂದುಕೊಂಡು ಎಬ್ಸಿಡಿಕ್‌ನಿಂದ (ಮೇನ್‌ಫ್ರೇಮ್‌ಗಳ ಅಕ್ಷರ ಸಂಕೇತ ಪದ್ಧತಿ) ಆಸ್ಕಿಗೆ (ಸಾಮಾನ್ಯ ಕಂಪ್ಯೂಟರ್‌ಗಳದ್ದು) ಪರಿವರ್ತಿಸಿದರೆ ಅನಾಹುತ. ಎಬ್ಸಿಡಿಕ್‌ನಲ್ಲಿ ಸ್ಪೇಸ್‌ನ ಹೆಕ್ಸ್ ಸಂಕೇತ 40, ಆಸ್ಕಿಯಲ್ಲಿ 20. ಹಾಗಾಗಿ ಮೊತ್ತದ ನಡುವೆ ಇದ್ದ 40 ಸುಮ್ನೆ 20 ಆಗಿಬಿಡುತ್ತದೆ. ಎರರ್ ಬರುವುದಿಲ್ಲ, ದುಡ್ಡಿನ ಲೆಕ್ಕ ಮಾತ್ರ ತಪ್ಪುತ್ತದೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. ಫೈಲ್ ತರುವಾಗ ಬೈನರಿ ಮೋಡ್‌ನಲ್ಲೇ ತನ್ನಿ. ಪರಿವರ್ತನೆ ಏನಿದ್ದರೂ ಫೀಲ್ಡ್ ಫೀಲ್ಡ್ ಆಗಿ ನಡೆಯಲಿ.

ಹೊಸ ಸಿಸ್ಟಮ್‌ನಿಂದ ಹಳೆಯದಕ್ಕೆ ವಾಪಸ್ ಬರೆಯುವಾಗಲೂ ಎಚ್ಚರ ಬೇಕು. ‘ಕನ್ನಡ’ ಪದ ಕಣ್ಣಿಗೆ 3 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 5, ಯುಟಿಎಫ್-8ರಲ್ಲಿ 15 ಬೈಟ್. 30 ಬೈಟ್‌ನ ಜಾಗಕ್ಕೆ 30 ಅಕ್ಷರ ಹಿಡಿಸುತ್ತದೆ ಎಂದು ಉಳಿದ ಜಾಗಕ್ಕೆ ಸ್ಪೇಸ್ ತುಂಬಿ ಪ್ಯಾಡ್ ಮಾಡಿದರೆ ರೆಕಾರ್ಡ್ ಉದ್ದವೇ ಕೆಡುತ್ತದೆ, ಅಲ್ವಾ?

ನಾನು ಬಿಡದೆ ಮಾಡುವ ಪರೀಕ್ಷೆ ಒಂದಿದೆ. ಹಳೆಯ ಫೈಲ್ ಓದಿ, ಏನೂ ಬದಲಿಸದೆ ಮತ್ತೆ ಬರೆದು, ಎರಡನ್ನೂ ಬೈಟ್‌ಗೆ ಬೈಟ್ ಹೋಲಿಸುವುದು. ಪ್ಯಾಕ್ಡ್ ಡೆಸಿಮಲ್‌ನ ಪ್ಲಸ್ ಚಿಹ್ನೆ ಮೂಲದಲ್ಲಿ ಹೆಕ್ಸ್ ಎಫ್ ಆಗಿದ್ದು ನಾವು ಬರೆದದ್ದರಲ್ಲಿ ಸಿ ಆಗಿರುವುದುಂಟು. ಮೌಲ್ಯ ಎರಡರದ್ದೂ ಒಂದೇ. ಆದರೂ ಆ ಬೈಟ್ ಅನ್ನೇ ನೇರವಾಗಿ ಹೋಲಿಸುವ ಹಳೆಯ ಪ್ರೋಗ್ರಾಮ್ ಎಲ್ಲಾದರೂ ಇದೆಯಾ ಎಂದು ಹುಡುಕಿ ನೋಡಿದ ಮೇಲೆಯೇ ಆ ವ್ಯತ್ಯಾಸವನ್ನು ಒಪ್ಪಿಕೊಳ್ಳುತ್ತೇನೆ.