‘ಅಮ್ಮ’ ಅನ್ನೋಕೆ ನಾಲಿಗೆ ಎತ್ತಬೇಕಾಗಿಲ್ಲ

ವಾರಕ್ಕೆ ಒಬ್ಬರಾದರೂ ಬರುತ್ತಾರೆ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು, ಬಾಯಿ ಅಗಲಿಸಿ ತೋರಿಸುತ್ತಾರೆ. ‘ನಾಲಿಗೆ ಕೆಳಗೆ ನರ ಅಂಟಿಕೊಂಡಿದೆ. ಅದಕ್ಕೇ ಮಾತು ಬಂದಿಲ್ಲ. ಎಲ್ಲಿ ಕತ್ತರಿಸುತ್ತಾರೆ ಹೇಳಿ.’ ಕೆಲವರು ಕತ್ತರಿಸಿಕೊಂಡೇ ಬಂದಿರುತ್ತಾರೆ. ಆದರೂ ಮಾತು ಬಂದಿಲ್ಲ, ಇನ್ನೊಂದು ಸಲ ಮಾಡಿಸೋಣವಾ ಅಂತ ಕೇಳುತ್ತಾರೆ. ವಾಕ್ ಚಿಕಿತ್ಸೆಯ ಈ ಕೆಲಸದಲ್ಲಿ ನನಗೆ ಜಾಸ್ತಿ ಸಂಕಟ ಕೊಡುವುದು ಇದೇ ಮಾತು.

ಅದು ನರ ಅಲ್ಲ. ನಾಲಿಗೆಯ ಅಡಿಭಾಗವನ್ನು ಬಾಯಿಯ ತಳಕ್ಕೆ ಹಿಡಿದಿರುವ ಒಂದು ತೆಳು ಮಡಿಕೆ. ಕನ್ನಡಿ ಮುಂದೆ ನಾಲಿಗೆ ಎತ್ತಿ ನೋಡಿ, ನಿಮಗೂ ಇದೆ. ಕೆಲವರಿಗೆ ಅದು ಗಿಡ್ಡ ಇರುತ್ತದೆ, ಅಷ್ಟೇ.

ಈಗ ಒಂದು ಕೆಲಸ ಮಾಡಿ. ನಿಧಾನವಾಗಿ ‘ಅಮ್ಮ’ ಅನ್ನಿ. ತುಟಿ ಮುಚ್ಚಿತು, ತೆರೆಯಿತು. ನಾಲಿಗೆ ಏನು ಮಾಡಿತು? ಏನೂ ಇಲ್ಲ, ಸುಮ್ನೆ ಮಲಗಿತ್ತು. ಕೆಲಸ ಮಾಡಿದ್ದು ತುಟಿ, ಗಂಟಲಿನ ಧ್ವನಿತಂತುಗಳು, ಮತ್ತೆ ಅಂಗುಳಿನ ಹಿಂಭಾಗದ ಮೆತ್ತನೆ ಭಾಗ. ಅದು ಕೆಳಗಿಳಿದು ಗಾಳಿಯನ್ನು ಮೂಗಿಗೆ ಬಿಡುತ್ತದೆ. ನಂಬಿಕೆ ಬರದಿದ್ದರೆ ಮೂಗು ಹಿಡಿದು ‘ಅಮ್ಮ’ ಅನ್ನಿ. ನೆಗಡಿಯಾದವರ ಹಾಗೆ ‘ಅಬ್ಬ’ ಅಂತ ಬರುತ್ತದೆ. ‘ಅಪ್ಪ’ ಅನ್ನಿ, ಏನೂ ಬದಲಾಗುವುದಿಲ್ಲ. ಅಲ್ಲಿ ಮೂಗಿನ ದಾರಿ ಮೊದಲೇ ಮುಚ್ಚಿರುತ್ತದೆ.

ಅಮ್ಮ, ಅಪ್ಪ, ಮಾಮ, ಪಾಪ, ಬಾ. ಮಗುವಿನ ಮೊದಲ ಮಾತುಗಳನ್ನು ನೋಡಿ. ಒಂದಕ್ಕೂ ನಾಲಿಗೆಯ ತುದಿ ಎತ್ತಬೇಕಾಗಿಲ್ಲ. ಎರಡು ವರ್ಷದ ಮಗು ‘ಅಮ್ಮ’ ಅಂತಲೂ ಅನ್ನುತ್ತಿಲ್ಲ ಅಂದರೆ, ನಾಲಿಗೆಯ ಕೆಳಗಿನ ಮಡಿಕೆ ಅದಕ್ಕೆ ಹೇಗೆ ಕಾರಣವಾದೀತು?

ನಮ್ಮ ವರ್ಣಮಾಲೆಯೇ ಬಾಯಿಯ ನಕ್ಷೆ. ಮೇಷ್ಟರು ಬಾಯಿಪಾಠ ಮಾಡಿಸಿದರೇ ಹೊರತು ಇದನ್ನು ಯಾರೂ ತೋರಿಸಿಕೊಡಲಿಲ್ಲ. ಕ, ಚ, ಟ, ತ, ಪ ಅಂತ ಒಂದೊಂದಾಗಿ ಹೇಳಿಕೊಳ್ಳಿ. ಕ ಹುಟ್ಟುವುದು ಬಾಯಿಯ ಹಿಂದೆ, ನಾಲಿಗೆಯ ಬುಡ ಮೆತ್ತನೆ ಅಂಗುಳಿಗೆ ತಗುಲಿ. ಚ ಸ್ವಲ್ಪ ಮುಂದೆ, ನಾಲಿಗೆಯ ಬೆನ್ನು ಗಟ್ಟಿ ಅಂಗುಳಿಗೆ ತಗುಲಿ. ಟ ಅನ್ನುವಾಗ ತುದಿ ಮೇಲಕ್ಕೆ ಮಡಚುತ್ತದೆ. ತ ಅನ್ನುವಾಗ ತುದಿ ಮೇಲಿನ ಹಲ್ಲಿಗೆ ತಾಕುತ್ತದೆ. ಪ ಪೂರ್ತಿ ತುಟಿಯದು. ಹಿಂದಿನಿಂದ ಮುಂದಕ್ಕೆ ಒಂದು ಮೆರವಣಿಗೆ. ಈ ಐದು ಸಾಲುಗಳಲ್ಲಿ ತುದಿಗೆ ಮುಖ್ಯ ಕೆಲಸ ಇರುವುದು ಎರಡರಲ್ಲಿ ಮಾತ್ರ. ಆಮೇಲೆ ಬರುವ ರ, ಲ, ಳ, ಸಗಳಿಗೂ ತುದಿ ಬೇಕು, ನಿಜ. ಮಡಿಕೆ ತೀರಾ ಗಿಡ್ಡವಾಗಿದ್ದರೆ ಅವುಗಳಲ್ಲಿ ಕೆಲವು ಅಸ್ಪಷ್ಟ ಆಗಬಹುದು. ಅಸ್ಪಷ್ಟ ಆಗುವುದು ಬೇರೆ, ಮಾತೇ ಬಾರದಿರುವುದು ಬೇರೆ. ಈ ಎರಡನ್ನೂ ಒಂದೇ ಮಾಡಬೇಡಿ ಅಂತ ನಾನು ದಿನಾ ಬೇಡಿಕೊಳ್ಳುತ್ತೇನೆ. ಅಂದ ಹಾಗೆ, ಮೂರು ವರ್ಷದ ಮಗು ‘ಕಾರು’ ಅನ್ನಲು ಹೋಗಿ ‘ಕಾಲು’ ಅಂದರೆ ಗಾಬರಿ ಬೇಡ. ರ ತಡವಾಗಿ ಕೂಡಿ ಬರುವ ಅಕ್ಷರ.

ಕತ್ತರಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಹಸುಗೂಸಿಗೆ ಮೊಲೆ ಕಚ್ಚಿ ಹಾಲು ಕುಡಿಯಲು ಆಗದಿದ್ದಾಗ, ನಾಲಿಗೆ ತುಟಿ ದಾಟಿ ಬಾರದೆ ಉಣ್ಣುವುದಕ್ಕೂ ಉಚ್ಚಾರಕ್ಕೂ ತೊಂದರೆಯಾದಾಗ, ವೈದ್ಯರು ನೋಡಿ ನಿರ್ಧರಿಸುತ್ತಾರೆ. ನಿಮ್ಮ ಮಗುವನ್ನು ನೋಡದೆ ನಾನು ಹೌದು, ಅಲ್ಲ ಅನ್ನಲಾರೆ. ಮಾತು ಬಾರದ ಮಗುವಿನಲ್ಲಿ ಮೊದಲು ನೋಡಬೇಕಾದದ್ದು ಕಿವಿ ಅನ್ನುವುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಬೇರೆ ಕಾರಣಗಳೂ ಇರುತ್ತವೆ, ಅವು ಆಮೇಲೆ.

‘ಕಿವಿ ಚೆನ್ನಾಗಿದೆ ಮೇಡಂ, ತಟ್ಟೆ ಬಡಿದರೆ ತಿರುಗುತ್ತಾನೆ’ ಅನ್ನುತ್ತಾರೆ. ತಟ್ಟೆಯ ಸದ್ದು ಜೋರು. ಬೈಕಿನ ಗುಡುಗುಡು, ಬಾಗಿಲಿನ ದಡ್ ಇವೆಲ್ಲ ಅರೆಬರೆ ಕಿವಿಗೂ ಕೇಳುತ್ತವೆ. ಸ, ಶ, ಚಗಳ ಸಣ್ಣ ಸಿಳ್ಳಿನಂಥ ಸದ್ದು ಕೇಳುವುದಿಲ್ಲ. ಅಂಥ ಮಗುವಿಗೆ ನಮ್ಮ ಮಾತು ಮುಚ್ಚಿದ ಬಾಗಿಲಾಚೆಯ ಗೊಣಗಾಟದ ಹಾಗೆ. ಅದನ್ನು ಕೇಳಿ ಅದು ಏನು ಕಲಿತೀತು?

ಒಬ್ಬ ಅಜ್ಜಿ ಹುಣಸೂರು ಕಡೆಯಿಂದ ಎರಡೂವರೆ ವರ್ಷದ ಮೊಮ್ಮಗನನ್ನು ಕರೆತಂದಿದ್ದರು. ‘ನಾಲ್ಗೆನೇ ಎತ್ತಕ್ಕಾಗಲ್ಲ ಮೇಡಂ, ಒಸಿ ಕುಯ್ಸಿಬುಡಿ’ ಅಂದರು. ಬಜೆ ತೇದು ನೆಕ್ಕಿಸಿಯೂ ಆಗಿತ್ತು, ಹರಕೆಯೂ ಆಗಿತ್ತು. ನಾನು ಕರಗಿದ ಬೆಲ್ಲವನ್ನು ಅವನ ಮೇಲ್ತುಟಿಗೆ ಒಂದಿಷ್ಟು ಸವರಿದೆ. ನಾಲಿಗೆ ಹೊರಗೆ ಬಂತು, ಮೇಲೆ ಹೋಯಿತು, ಬೆಲ್ಲವನ್ನೆಲ್ಲ ನೆಕ್ಕಿ ಒಳಗೆ ಹೋಯಿತು. ‘ಇನ್ನೊಂದ್ಸಲ ಹಾಕಿ’ ಅಂದರು ಅಜ್ಜಿ. ಹಾಕಿದೆ. ಮತ್ತೆ ನೆಕ್ಕಿದ. ಆಮೇಲೆ ಅವನ ಬೆನ್ನ ಹಿಂದೆ ನಿಂತು, ಮೆಲ್ಲಗೆ ಅವನ ಹೆಸರು ಕರೆದೆ. ತಿರುಗಲಿಲ್ಲ. ಅಜ್ಜಿ ಕರೆದರು. ಆಗಲೂ ತಿರುಗಲಿಲ್ಲ. ಅವರ ಮುಖ ಇಳಿದದ್ದು ನನಗೆ ಇನ್ನೂ ನೆನಪಿದೆ.

ನಿದ್ದೆ ಮಾಡಿಸಿ ಬೆರಾ ಪರೀಕ್ಷೆ ಮಾಡಿದೆವು. ತಲೆಗೆ ಸಣ್ಣ ತಂತಿ ಅಂಟಿಸಿ, ಸದ್ದಿಗೆ ಕಿವಿಯ ನರ ಸ್ಪಂದಿಸುತ್ತದಾ ಅಂತ ನೋಡುವ ಪರೀಕ್ಷೆ ಅದು. ನೋವೇನೂ ಇಲ್ಲ. ಎರಡೂ ಕಿವಿಯಲ್ಲಿ ದೋಷ ಇತ್ತು. ಹುಟ್ಟಿದ 1 ತಿಂಗಳೊಳಗೆ ಕಿವಿ ತಪಾಸಣೆ, 3 ತಿಂಗಳೊಳಗೆ ದೋಷ ಖಚಿತ, 6 ತಿಂಗಳೊಳಗೆ ಚಿಕಿತ್ಸೆ ಶುರು, ಇದು ನಮ್ಮ ವೃತ್ತಿಯವರು ಇಟ್ಟುಕೊಂಡಿರುವ ಗುರಿ. ಇವನಿಗೆ ಆಗಲೇ 30 ತಿಂಗಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಅವರ ಊರಿನಿಂದ ಒಂದು ಬಸ್ಸಿನ ದೂರ. ಆದರೆ ‘ಅವರಪ್ಪನೂ ಮಾತಾಡಿದ್ದು ಲೇಟು’ ಅನ್ನುವ ಮಾತಿನಲ್ಲೇ ಒಂದೂವರೆ ವರ್ಷ ಹೋಗಿತ್ತು. ವರ್ಷ ತುಂಬಿದಾಗ ಒಂದೆರಡು ಮಾತು, ಎರಡು ತುಂಬಿದಾಗ ‘ಅಮ್ಮ ಬಾ’ ಅನ್ನುವಂಥ ಜೋಡಿ ಮಾತು ಬರಬೇಕು. ಬರಲಿಲ್ಲ ಅಂದರೆ ಕಾಯಬೇಡಿ, ಮೊದಲು ಕಿವಿ ತೋರಿಸಿ.

ಕಿವಿ ಮಷಿನ್ ಹಾಕಿದ ದಿನ ಅವನು ಅಳಲಿಲ್ಲ. ಸುಮ್ಮನೆ ಕೂತಿದ್ದ. ಅಜ್ಜಿ ಸೆರಗು ಸರಿಮಾಡಿಕೊಂಡಾಗ ಗಾಜಿನ ಬಳೆ ಸದ್ದಾಯಿತು. ತಟ್ಟನೆ ತಿರುಗಿದ. ಅವರ ಕೈ ಹಿಡಿದು ತಾನೇ ಅಲ್ಲಾಡಿಸಿದ. ಮತ್ತೆ ಮತ್ತೆ ಅಲ್ಲಾಡಿಸಿದ.

ಎಂಟು ತಿಂಗಳು ವಾರಕ್ಕೆರಡು ಸಲ ಬಂದರು. ಒಂದು ದಿನ ಬಾಗಿಲಲ್ಲೇ ಅಜ್ಜಿ ಹೇಳಿದರು, ‘ನನ್ನ ಅದ್ದಿ ಅಂತಾನೆ ಮೇಡಂ! ಅಜ್ಜಿ ಅನ್ನಕ್ಕೆ ಬರಲ್ಲ, ಅದ್ದಿ ಅಂತಾನೆ.’ ಜ ಜಾಗಕ್ಕೆ ದ ಹಾಕುವುದು ಪುಟ್ಟ ಮಕ್ಕಳ ಮಾತಿನ ರೀತಿ, ಅದು ಸರಿಹೋಗುತ್ತದೆ ಅಂದೆ. ಆಮೇಲೆ ಅವರನ್ನೇ ಒಮ್ಮೆ ‘ಅದ್ದಿ’ ಅನ್ನಲು ಹೇಳಿದೆ. ಅಂದರು. ನಾಲಿಗೆ ಎಲ್ಲಿ ಹೋಯಿತು ಅಂತ ಕೇಳಿದೆ. ಮತ್ತೊಮ್ಮೆ ಅಂದು, ಮೇಲಿನ ಹಲ್ಲನ್ನು ಬೆರಳಿಂದ ಮುಟ್ಟಿ ತೋರಿಸಿದರು.